ಸುಗತನ ಮೂರಕ್ಷರ

ಮಂಜುಳಮ್ಮನಿಗೆ ಈಗ ಅರವತ್ತೊಂದು. ಮೂವತ್ತೆರಡು ವರ್ಷ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಸಾರು ಕುದಿಸಿ ರಿಟೈರಾದವಳು. ಆರುನೂರು ಜನರ ಸಾರಿನ ಅಂಡೆಗೆ ಕೈಯಳತೆಯಲ್ಲಿ ಉಪ್ಪು ಸುರಿದು, ನಾಲಿಗೆಗೆ ಹಚ್ಚದೆಯೇ ಸಾಕು ಎಂದು ಹೇಳಬಲ್ಲಳು. ಆ ವಿಷಯದಲ್ಲಿ ಅವಳ ಕೈ ತಪ್ಪಿದ್ದಿಲ್ಲ. ಅಂಥ ಕೈ ಹದಿನೈದು ವರ್ಷದ ಹಿಂದೆ ಒಂದು ಕಾಗದಕ್ಕೆ ಸಹಿ ಹಾಕಿತು. ಓದದೆ ಹಾಕಿದ್ದರೆ, ನನಗೇನು ಗೊತ್ತಿತ್ತು ಸ್ವಾಮಿ ಎಂದು ಇವತ್ತು ಕೈ ಕೊಡವಿಕೊಳ್ಳಬಹುದಿತ್ತು. ಅವಳು ಓದಿಯೇ ಹಾಕಿದಳು. ಎರಡು ಸಲ ಓದಿದಳು. ಈಗ ಪ್ರಾಣ ತಿನ್ನುತ್ತಿರುವುದು ಅದೇ.

ಅವಳ ಮನೆ ಇರುವುದು ಮಹದೇವಪುರದ ಹಳೇ ಊರಿನಲ್ಲಿ. ಹಳೇ ಊರು ಅಂದರೆ ಏನು ಮಹಾ, ನಾಲ್ಕು ಬೀದಿ, ಸುತ್ತಲೂ ಗಾಜಿನ ಕಟ್ಟಡ. ಬೆಳಗಾದರೆ ಕ್ಯಾಬುಗಳು ಮೆಟ್ಟಿಲಿಗೇ ಚಕ್ರ ತಾಗಿಸಿ ನಿಲ್ಲುತ್ತವೆ, ಕೇಳಿದರೆ ಐದು ನಿಮಿಷ ಆಂಟಿ ಅನ್ನುತ್ತಾರೆ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಮತ್ತೆಲ್ಲೂ ಹೋಗಲಿಲ್ಲ. ಜೊತೆಗಿರುವವನು ಕೊನೆಯ ತಮ್ಮ ಸುಗತ. ವಯಸ್ಸು ನಲವತ್ತಾರು, ಬುದ್ಧಿ ಮಾತ್ರ ಏಳೆಂಟು ವರ್ಷದ ಮಗುವಿನಷ್ಟು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಮಂಜುಳಮ್ಮನಿಗೆ ಆ ಮಾತು ಒಪ್ಪಿಗೆಯಿಲ್ಲ. ಏಳು ವರ್ಷದ ಮಗು ತಾನೇ ಎದ್ದು ಹಾಲು ತರುತ್ತದೆಯೇ, ಅಕ್ಕನ ಮಂಡಿಗೆ ಎಣ್ಣೆ ಬಿಸಿ ಮಾಡಿ ತಂದಿಡುತ್ತದೆಯೇ? ಆದರೆ ಯಾರಾದರೂ ನಗುತ್ತಾ ಕೈ ಚಾಚಿದರೆ ತೊಟ್ಟ ಅಂಗಿಯನ್ನೂ ಬಿಚ್ಚಿ ಕೊಟ್ಟುಬಿಡುವವನು. ಅದೂ ನಿಜ. ಇವರಿಬ್ಬರ ನಡುವಿನವನು ಮುರಳಿ. ಅವನಿಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಕಾಕ್ಸ್ ಟೌನಿನಲ್ಲಿ ಫ್ಲಾಟು.

ಇವರ ಅಪ್ಪ ಅಮರಪ್ಪ ಲಾರಿಗೆ ಲೋಡು ಹೊರುತ್ತಿದ್ದವನು. ದೊಡ್ಡ ಮಕ್ಕಳಿಬ್ಬರು ಹುಟ್ಟಿದ ಮೇಲೆ ಬುದ್ಧ ಧಮ್ಮಕ್ಕೆ ಬಂದ, ಆಮೇಲೆ ಹುಟ್ಟಿದವನಿಗೆ ಸುಗತ ಎಂದು ಬುದ್ಧನದೇ ಹೆಸರಿಟ್ಟ. ಅಮರಪ್ಪನಿಗೆ ಜೀವನದಲ್ಲಿ ಸಿಟ್ಟು ಇದ್ದದ್ದು ಒಂದೇ ವಸ್ತುವಿನ ಮೇಲೆ, ಹೆಬ್ಬೆಟ್ಟಿನ ಮೇಲೆ. ಅವನ ತಂದೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೆರೆ ಕೆಳಗಿನ ಜಮೀನು ಕಳೆದುಕೊಂಡಿದ್ದ. "ನಮ್ಮನೇಲಿ ಇನ್ಮೇಲೆ ಯಾರೂ ಹೆಬ್ಬೆಟ್ಟು ಒತ್ತಬಾರ್ದು" ಅನ್ನುತ್ತಿದ್ದ. ಹೆಂಡತಿ ಆಂಜನಮ್ಮ ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಬಳಪ ಹಿಡಿದು ಸಹಿ ಕಲಿತಳು. ಸುಗತನಿಗೆ ಮೀಸೆ ಬಂದ ಮೇಲೆ ಕಲಿಸಲು ಕೂತರೂ ನಾಲ್ಕು ವರ್ಷ ಹಿಡಿಯಿತು. ಮೂರೇ ಅಕ್ಷರ, ನಾಲ್ಕು ವರ್ಷ. ಮೊದಲನೆಯದು ಬಂದರೆ ಎರಡನೆಯದು ಮರೆಯುತ್ತಿತ್ತು, ಎರಡು ಬಂದರೆ ಮೂರನೆಯದು ಸ್ಲೇಟಿನಿಂದ ಆಚೆ ಹೋಗುತ್ತಿತ್ತು. ಮೂರೂ ಒಟ್ಟಿಗೆ ಬಂದ ದಿನ ಅಮರಪ್ಪ ಶಿವಾಜಿನಗರಕ್ಕೆ ಹೋಗಿ ಒಂದು ಪೆನ್ನು ತಂದ. ಎದುರು ಮನೆಯ ಟೈಲರ್ ರಹೀಂ ಕೈಯಲ್ಲಿ ಜೇಬಿರುವ ನೀಲಿ ಅಂಗಿ ಹೊಲಿಸಿದ. "ಸಹಿ ಹಾಕೋ ದಿನ ಇದನ್ನ ಹಾಕ್ಕೋಬೇಕು" ಎಂದು ಮಗನಿಗೆ ಹೇಳಿದ.

ಆ ದಿನ ಬಂದಂತೆಯೇ ಕಂಡಿತು. 2009ರಲ್ಲಿ ಅಮರಪ್ಪ ಹೋದ, ಆಂಜನಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಮನೆಯ ಖಾತೆ ಮಕ್ಕಳ ಹೆಸರಿಗೆ ಬರಬೇಕಾದರೆ ವಂಶವೃಕ್ಷ ಬೇಕು. ಅಂದರೆ ಸತ್ತವನಿಗೆ ಮಕ್ಕಳು ಯಾರ್ಯಾರು ಎಂದು ಬರೆದು, ಪ್ರಮಾಣ ಮಾಡಿ, ಸರ್ಕಾರದ ಮೊಹರು ಹಾಕಿಸಿಕೊಳ್ಳುವ ಹಾಳೆ. ಮುರಳಿ ಒಬ್ಬ ಬ್ರೋಕರನ್ನು ಕರೆದುಕೊಂಡು ಬಂದ. ಬ್ರೋಕರು ಕಾಫಿ ಕುಡಿದು, ಸುಗತನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಇವ್ರ ಹೆಸರು ಸೇರಿಸಿದ್ರೆ ಮುಂದೆ ಏನ್ ಮಾಡ್ಬೇಕಾದ್ರೂ ಗಾರ್ಡಿಯನ್ ಆರ್ಡರ್ ಕೇಳ್ತಾರೆ ಮೇಡಂ. ವರ್ಷಗಟ್ಟಲೆ ಅಲೀತೀರ. ಹೆಂಗೂ ನಿಮ್ ಜೊತೇಲೇ ಇರ್ತಾರಲ್ಲ. ಇಬ್ರೇ ಮಕ್ಕಳು ಅಂತ ಬರ್ದ್‌ಬಿಡೋಣ. ಎಲ್ಲಾ ಕಡೆ ಹಿಂಗೇ ಮಾಡ್ತಾರೆ."

ಎಲ್ಲಾ ಕಡೆ ಹೀಗೇ ಮಾಡುತ್ತಾರಂತೆ. ಈ ಒಂದು ಮಾತು ಕೇಳಿ ಎಷ್ಟು ಮನೆಯವರು ತಲೆಯಾಡಿಸಿದ್ದಾರೋ ಲೆಕ್ಕ ಇಟ್ಟವರಿಲ್ಲ. ಮಂಜುಳಮ್ಮನ ಮನಸ್ಸಿನಲ್ಲಿ ಮೋಸ ಇರಲಿಲ್ಲ, ಅದನ್ನು ಹೇಳಲೇಬೇಕು. ಕ್ಯಾಂಟೀನಿಗೆ ಬೆಳಗ್ಗೆ ಐದಕ್ಕೆ ಹೋಗಬೇಕು, ರಜೆ ಮುಗಿದಿದೆ, ಅಪ್ಪನ ಸಾವಿನ ಕಾರ್ಯ ಈಗಷ್ಟೇ ಮುಗಿದಿದೆ, ಇನ್ನು ಕೋರ್ಟು ಗೀರ್ಟು ಯಾರಿಂದಾಗುತ್ತದೆ? ಸುಗತ ನನ್ನವನೇ, ನಾನು ಬಿಟ್ಟರೂ ಅವನು ಬಿಡುವುದಿಲ್ಲ. ಹೀಗೆ ಅಂದುಕೊಂಡಳು. 'ಮೃತರಿಗೆ ಈ ಇಬ್ಬರು ಮಕ್ಕಳನ್ನು ಬಿಟ್ಟು ಬೇರೆ ಮಕ್ಕಳು ಇರುವುದಿಲ್ಲ' ಎಂಬ ಸಾಲನ್ನು ಎರಡು ಸಲ ಓದಿ ಕೆಳಗೆ ಸಹಿ ಹಾಕಿದಳು. ಆಮೇಲೆ ಮುರಳಿ ಹಾಕಿದ.

ಸುಗತ ಆಗಲೇ ನೀಲಿ ಅಂಗಿ ಹಾಕಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಅಕ್ಕನ ಬೆನ್ನ ಹಿಂದೆ ನಿಂತಿದ್ದ. ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ.

"ಈಗ ನಾನಾ, ಅಕ್ಕ?" ಎಂದು ಕೇಳಿದ.

"ಆಮೇಲೆ ಕಣೋ. ಹೋಗು, ಬಾಗ್ಲಲ್ಲಿ ಅವ್ರ ಚಪ್ಪಲಿ ಇದೆ, ನಾಯಿ ಎಳ್ಕೊಂಡ್ ಹೋಗ್ದಂಗೆ ನೋಡ್ಕೊ" ಎಂದಳು ಮಂಜುಳಮ್ಮ. ಅವನು ಹೋಗಿ ಚಪ್ಪಲಿ ಕಾದ.

ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಮರೆತರು. ಅವಳೂ ಮರೆಯಬೇಕಿತ್ತು, ಆಗಲಿಲ್ಲ. ಹುಣ್ಣಿಮೆ ಬಂತೆಂದರೆ ಆ ಮನೆಯಲ್ಲಿ ಬುದ್ಧನ ಪಟದ ಮುಂದೆ ದೀಪ ಹಚ್ಚಿ ಪಂಚಶೀಲ ಹೇಳುತ್ತಾರೆ, ಅದು ಅಮರಪ್ಪ ಹಾಕಿಕೊಟ್ಟ ಪದ್ಧತಿ. ಅದರಲ್ಲಿ ನಾಲ್ಕನೆಯದು ಸುಳ್ಳು ಹೇಳುವುದಿಲ್ಲ ಎಂಬುದು. ಮೂರನ್ನು ಗಟ್ಟಿಯಾಗಿ ಹೇಳಿ, ನಾಲ್ಕಕ್ಕೆ ಬಂದಾಗ ಮಂಜುಳಮ್ಮ ಬತ್ತಿ ಸರಿ ಮಾಡುವ ನೆವದಲ್ಲಿ ಬಗ್ಗುತ್ತಿದ್ದಳು. ಸುಗತನೊಬ್ಬನೇ ಆ ಸಾಲನ್ನು ದೊಡ್ಡ ದನಿಯಲ್ಲಿ ಹೇಳಿ ಮುಗಿಸುತ್ತಿದ್ದ. ಹದಿನೈದು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಮಳೆಗೆ ಮಹದೇವಪುರದಲ್ಲಿ ನೀರು ನಿಂತಿತು. ಅದೇನು ಹೊಸದಲ್ಲ, ಆಕಾಶ ಕೆಮ್ಮಿದರೂ ಇಲ್ಲಿ ನೀರು ನಿಲ್ಲುತ್ತದೆ. ಮನೆಯೊಳಗೆ ಮೊಣಕಾಲುದ್ದ ನೀರಿನಲ್ಲಿ ಅಕ್ಕಿ ಮೂಟೆ ಎತ್ತಿಡಲು ಹೋಗಿ ಮಂಜುಳಮ್ಮ ಜಾರಿ ಬಿದ್ದಳು. ತಲೆ ಹೊಸ್ತಿಲಿಗೆ ಬಡಿಯಿತು. ನಾಲ್ಕು ದಿನ ಆಸ್ಪತ್ರೆ. ಮುರಳಿ ಆಫೀಸ್ ಕೆಲಸಕ್ಕೆ ಚೆನ್ನೈಗೆ ಹೋಗಿದ್ದ. ರಹೀಂನ ಹೆಂಡತಿ ಉಮ್ಮೆ ಕುಲ್ಸುಂ ಸುಗತನಿಗೆ ಮೂರು ಹೊತ್ತೂ ಊಟ ಕಳಿಸಿದಳು. ಅವನು ಮೆಟ್ಟಿಲು ಬಿಟ್ಟು ಏಳಲಿಲ್ಲ, ತಟ್ಟೆ ಮುಟ್ಟಲಿಲ್ಲ. ನಾಲ್ಕನೆಯ ದಿನ ಕಾಣೆಯಾದ. ಅಕ್ಕನನ್ನು ಹುಡುಕಿಕೊಂಡು ನಡೆದೂ ನಡೆದೂ ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ, ಬಸ್ಸುಗಳ ನಡುವೆ ನಿಂತು ಅಳುತ್ತಿದ್ದವನನ್ನು ರಹೀಂ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದ. ಇದನ್ನು ಆಸ್ಪತ್ರೆಯಿಂದ ಬಂದ ಮೇಲೆ ಕೇಳಿದ ಮಂಜುಳಮ್ಮನಿಗೆ ತಲೆಯ ಹೊಲಿಗೆಗಿಂತ ಹೆಚ್ಚು ನೋವಾಯಿತು. ನಾನು ನಾಲ್ಕು ದಿನ ಇಲ್ಲದಿದ್ದರೆ ಹೀಗೆ, ನಾನೇ ಇಲ್ಲದಿದ್ದರೆ?

ಸುಗತನಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಸಂಸ್ಥೆಗೆ ಹೋಗಿ ವಿಚಾರಿಸಿದಳು. ಒಳ್ಳೆಯ ಜನ, ಟೀ ಕೊಟ್ಟರು. "ಇವ್ರಿಗೆ ಗಾರ್ಡಿಯನ್ ಯಾರು? ಆರ್ಡರ್ ಇದ್ಯಾ?" ಎಂದು ಕೇಳಿದರು. ಇರಲಿಲ್ಲ. ಶಿವಾಜಿನಗರದಲ್ಲಿ ಮೋನಿಷಾ ಎಂಬ ಲಾಯರ್ ಇದ್ದಾಳೆ, ಇಂಥ ಕೆಲಸ ಮಾಡುತ್ತಾಳೆ ಎಂದು ವಿಳಾಸ ಬರೆದುಕೊಟ್ಟರು.

ಎಂ.ಜಿ. ರೋಡಿನವರೆಗೆ ಮೆಟ್ರೊ, ಅಲ್ಲಿಂದ ಬಸ್ಸು, ಆಮೇಲೆ ಎರಡು ಮಹಡಿ. ಮಂಡಿ ಹಿಡಿದುಕೊಂಡು ಹತ್ತಿ ಹೋದ ಮಂಜುಳಮ್ಮನಿಗೆ ಮೋನಿಷಾ ಮೊದಲು ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ವಿಷಯ ಬಿಡಿಸಿ ಹೇಳಿದಳು. ಬುದ್ಧಿ ಬೆಳೆಯದವರಿಗೆ, ವಯಸ್ಸು ಎಷ್ಟೇ ಆಗಿರಲಿ, ಜಿಲ್ಲೆಯ ಒಂದು ಸಮಿತಿ ಗಾರ್ಡಿಯನ್ ನೇಮಿಸುತ್ತದೆ. ಒಡಹುಟ್ಟಿದವರು ಅರ್ಜಿ ಹಾಕಬಹುದು. ಅವರ ನಂತರ ಯಾರು ಎನ್ನುವುದಕ್ಕೂ ದಾರಿಯಿದೆ. ಮಂಜುಳಮ್ಮನಿಗೆ ಇಷ್ಟು ಕೇಳಿಯೇ ಅರ್ಧ ಜೀವ ಬಂತು.

"ಇವ್ರು ನಿಮ್ ತಮ್ಮ ಅನ್ನೋಕೆ ಪ್ರೂಫ್ ಏನಿದೆ ಅಮ್ಮ?"

ಚೀಲದಿಂದ ಒಂದೊಂದೇ ತೆಗೆದಳು. ಆಧಾರ್ ಕಾರ್ಡಿನಲ್ಲಿ ಕೇರಾಫ್ ಮಂಜುಳಮ್ಮ ಎಂದಿತ್ತೇ ಹೊರತು ತಮ್ಮ ಎಂದಿರಲಿಲ್ಲ. ಮನೆಯಲ್ಲಿ ಹುಟ್ಟಿದವನು, ಜನನ ಪತ್ರ ಇಲ್ಲ. ಶಾಲೆಗೆ ಸೇರಿಸಿಕೊಳ್ಳಲಿಲ್ಲ, ಟಿ.ಸಿ. ಇಲ್ಲ. "ವಂಶವೃಕ್ಷ ಮಾಡ್ಸಿದ್ದೀರಾ?" ಎಂದಳು ಮೋನಿಷಾ. ಅದು ಚೀಲದ ತಳದಲ್ಲಿತ್ತು. ಮಂಜುಳಮ್ಮ ಕೊಡಲೋ ಬೇಡವೋ ಎಂದು ನೋಡಿ ಕೊಟ್ಟಳು.

ಮೋನಿಷಾ ಓದಿದಳು. ಮತ್ತೊಮ್ಮೆ ಓದಿ, ಕನ್ನಡಕ ತೆಗೆದಿಟ್ಟಳು. "ಇದ್ರಲ್ಲಿ ನೀವಿಬ್ರೇ ಇದ್ದೀರಲ್ಲ ಅಮ್ಮ. ಬೇರೆ ಮಕ್ಕಳಿಲ್ಲ ಅಂತ ನೀವೇ ಪ್ರಮಾಣ ಮಾಡಿದ್ದೀರ. ನಾಳೆ ತಮ್ಮ ಅಂತ ಅರ್ಜಿ ಹಾಕಿದ್ರೆ, ಯಾರಾದ್ರೂ ಇದೇ ಹಾಳೆ ಎತ್ತಿ ತೋರ್ಸಿದ್ರೆ ಏನ್ ಹೇಳ್ತೀರ?"

ಕಾಪಾಡಬೇಕೆಂದು ಹೊರಟವಳ ದಾರಿಗೆ ಅಡ್ಡ ಬಿದ್ದದ್ದು ಬೇರೆ ಯಾರೂ ಅಲ್ಲ, ಅವಳದೇ ಸಹಿ. ಮಂಜುಳಮ್ಮನಿಗೆ ಮುಖ ಎತ್ತಲಾಗಲಿಲ್ಲ. ಸರಿಪಡಿಸುವ ದಾರಿ ಇದೆ ಎಂದಳು ಮೋನಿಷಾ. ಹಿಂದೆ ಬರೆದದ್ದು ಸುಳ್ಳು ಎಂದು ಹೊಸದಾಗಿ ಪ್ರಮಾಣ ಮಾಡಬೇಕು, ತಾಲ್ಲೂಕು ಕಚೇರಿಗೆ ಅರ್ಜಿ ಕೊಡಬೇಕು, ಅಧಿಕಾರಿ ಮನೆಗೆ ಬಂದು ನೆರೆಹೊರೆಯವರನ್ನು ಕೂರಿಸಿಕೊಂಡು ಮಹಜರು ಬರೆಯುತ್ತಾರೆ. ಮುರಳಿಗೂ ನೋಟಿಸ್ ಹೋಗುತ್ತದೆ. ಅವನು ತಕರಾರು ಮಾಡಿದರೆ ವಿಷಯ ಕೋರ್ಟಿಗೆ ಹೋಗುತ್ತದೆ, ಆಗ ಎಷ್ಟು ವರ್ಷವೋ.

"ನನ್ನನ್ನ ಒಳಗೆ ಹಾಕ್ತಾರಾ?" ಎಂದು ಮಂಜುಳಮ್ಮ ಕೇಳಿದಳು.

"ಸುಳ್ಳು ಪ್ರಮಾಣ ತಪ್ಪೇ. ನೀವಾಗೇ ಬಂದು ಒಪ್ಕೊಳ್ತಾ ಇದ್ದೀರ, ಅದನ್ನ ನೋಡ್ತಾರೆ. ಆದ್ರೆ ಏನೂ ಆಗಲ್ಲ ಅಂತ ನಾನು ಸುಮ್ನೆ ಹೇಳಲ್ಲ ಅಮ್ಮ." ಹುಡುಗಿ ನೇರವಾಗಿ ಹೇಳಿದ್ದು ಮಂಜುಳಮ್ಮನಿಗೆ ಹಿಡಿಸಿತು. ಭಯ ಮಾತ್ರ ಹೋಗಲಿಲ್ಲ.

ಮುರಳಿಯ ಫ್ಲಾಟಿಗೆ ಹೋದದ್ದು ಒಂದು ಭಾನುವಾರ. ಕಾಕ್ಸ್ ಟೌನಿನ ಬೀದಿಯಲ್ಲಿ ಚರ್ಚು ಬಿಟ್ಟಿತ್ತು, ಬೇಕರಿಯ ಮುಂದೆ ಜನ. ಸುಗತನಿಗೆ ಒಂದು ಬನ್ನು ಕೊಡಿಸಿ ಕರೆದುಕೊಂಡು ಹೋದಳು. ಮುರಳಿ ಕೆಟ್ಟವನಲ್ಲ. ತಮ್ಮನ ಮಾತ್ರೆ ತಿಂಗಳು ತಿಂಗಳು ತಪ್ಪದೆ ತಲುಪಿಸುವವನು ಅವನೇ. ಆದರೆ ಬಿಲ್ಡರ್ ಒಬ್ಬ ಹಳೇ ಮನೆಯನ್ನೂ ಪಕ್ಕದ ಎರಡು ಸೈಟನ್ನೂ ಸೇರಿಸಿ ಅಪಾರ್ಟ್‌ಮೆಂಟ್ ಕಟ್ಟುವ ಮಾತು ಎತ್ತಿದ್ದ, ಮುರಳಿ ಮೂರು ತಿಂಗಳಿಂದ ಅದರ ಹಿಂದೆ ಓಡಾಡಿ ಸೋತಿದ್ದ.

"ಈಗ ಅವನ ಹೆಸ್ರು ಸೇರ್ಸಿದ್ರೆ ಬಿಲ್ಡರ್ ಎದ್ದು ಹೋಗ್ತಾನೆ ಅಕ್ಕ. ಎಲ್ಲಾದಕ್ಕೂ ಪರ್ಮಿಶನ್ ಬೇಕಾಗುತ್ತೆ. ನಿನ್ ಭಾಗನ ಅವನಿಗೆ ವಿಲ್ ಬರ್ದಿಡು, ನಾನೇನು ಬೇಡ ಅಂದ್ನಾ? ಹಳೇದನ್ನ ಯಾಕೆ ಕೆದಕ್ತೀಯ?"

"ಬರ್ದಿಡ್ತೀನಿ. ಆಮೇಲೆ ಅದನ್ನ ನೋಡ್ಕೊಳ್ಳೋದು ಯಾರು?"

"ನಾನಿಲ್ವಾ?"

"ಆ ನಾಲ್ಕು ದಿನ ಇದ್ಯಾ?"

ಬಾಲ್ಕನಿಯಲ್ಲಿ ಸುಗತ ಬನ್ನಿನ ಅರ್ಧವನ್ನು ಅಣ್ಣನಿಗೆಂದು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದ, ಹೊರಡುವಾಗ ಕೊಟ್ಟ. ಮುರಳಿ ಅದನ್ನು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು, "ಮಹಜರ್ ದಿನ ಬಂದು ತಕರಾರು ಮಾಡ್ತೀನಿ ಅಕ್ಕ, ನನ್ ಮೇಲೆ ಬೇಜಾರ್ ಮಾಡ್ಕೋಬೇಡ" ಎಂದ.

ಅಲ್ಲಿಂದ ಮುಂದಿನ ಐದು ತಿಂಗಳನ್ನು ವಿವರಿಸಿದರೆ ಕೇಳುವವರಿಗೂ ಮಂಡಿ ನೋಯುತ್ತದೆ. ನೋಟರಿ, ಜೆರಾಕ್ಸು, ಅರ್ಜಿ, ಒಂದು ಅಕ್ಷರ ಹೆಚ್ಚುಕಮ್ಮಿಯಾಗಿ ಮತ್ತೆ ಅರ್ಜಿ. ನೋಟರಿಯ ಮುಂದೆ ತನ್ನ ಸುಳ್ಳನ್ನು ತಾನೇ ಗಟ್ಟಿಯಾಗಿ ಓದಿದಳು. ತಾಲ್ಲೂಕು ಕಚೇರಿಯ ಬೆಂಚಿನಲ್ಲಿ ಅವಳ ಪಕ್ಕ ಸುಗತ, ತೊಡೆಯ ಮೇಲೆ ಊಟದ ಡಬ್ಬಿ. ಅವನಿಗೆ ಅದು ಪಿಕ್‌ನಿಕ್ಕು. ಅವಳಿಗೆ ಬೇಸರ ಎಂದರೆ ಬೇಸರ. ಎಷ್ಟೋ ಸಲ, ಹಾಳಾಗಿ ಹೋಗಲಿ, ಮನೆಗೆ ಹೋಗಿ ಮಲಗೋಣ ಎನ್ನಿಸುತ್ತಿತ್ತು. ಆಗ ತೂಗುಸೇತುವೆ ನೆನಪಾಗುತ್ತಿತ್ತು, ಮತ್ತೆ ಕೂರುತ್ತಿದ್ದಳು.

ಮಹಜರಿಗೆ ಬಂದ ಅಧಿಕಾರಿ ಮೂವತ್ತು ದಾಟದ ಹೆಣ್ಣುಮಗಳು, ಕೈಯಲ್ಲಿ ಫೈಲು, ಚೀಲದಲ್ಲಿ ಶಾಯಿ ಪ್ಯಾಡು. ಹಜಾರದಲ್ಲಿ ರಹೀಂ ಮತ್ತು ಉಮ್ಮೆ ಕುಲ್ಸುಂ ಕೂತಿದ್ದರು, ಬೀದಿಯ ಇನ್ನಿಬ್ಬರು ಬಾಗಿಲಲ್ಲಿ ನಿಂತಿದ್ದರು. ಮುರಳಿ ಕೊನೆಗೆ ಬಂದು, ಯಾರ ಮುಖವನ್ನೂ ನೋಡದೆ ಕಿಟಕಿಯ ಪಕ್ಕ ಕೂತ. ಅಧಿಕಾರಿ ಹಳೆಯ ಹಾಳೆಯನ್ನೂ ಹೊಸ ಪ್ರಮಾಣವನ್ನೂ ಪಕ್ಕಪಕ್ಕ ಇಟ್ಟು ಕೇಳಿದಳು.

"ಆಗ ಯಾಕೆ ಹೆಸ್ರು ಬಿಟ್ರಿ?"

ನೋಟರಿಯ ಮುಂದೆ ಓದುವುದು ಬೇರೆ, ಐವತ್ತು ವರ್ಷದಿಂದ ಮುಖ ಪರಿಚಯವಿರುವ ಬೀದಿಯ ಮುಂದೆ ಹೇಳುವುದು ಬೇರೆ. ಮಂಜುಳಮ್ಮ ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. "ಸುಲಭ ಆಗ್ಲಿ ಅಂತ ಬಿಟ್ಟೆ ಮೇಡಂ. ಬ್ರೋಕರ್ ಹೇಳ್ದ, ನಾನು ಹೂಂ ಅಂದೆ. ಮರ್ತು ಬಿಟ್ಟಿದ್ದಲ್ಲ. ಅವನು ನನ್ ಹಿಂದೇನೇ ನಿಂತಿದ್ದ." ಉಮ್ಮೆ ಕುಲ್ಸುಂ ತಲೆ ತಗ್ಗಿಸಿದಳು.

ಅಧಿಕಾರಿ ರಹೀಂನನ್ನು ಕೇಳಿದಳು. "ಹುಟ್ಟಿದ್ ದಿನದಿಂದ ನೋಡಿದೀನಿ ಮೇಡಂ, ಆಂಜನಮ್ಮನ ಮಗ. ಇವನ ಅಂಗಿ ಎಲ್ಲಾ ನಾನೇ ಹೊಲ್ದಿರೋದು" ಎಂದ. ಬರೆದುಕೊಂಡಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಮುರಳಿಯವ್ರೇ, ನಿಮ್ದೇನಾದ್ರೂ ತಕರಾರಿದ್ಯಾ?" ಎಂದಳು.

ಮುರಳಿ ಎದ್ದು ನಿಂತ. ಮಂಜುಳಮ್ಮ ಗೋಡೆಯ ಮೇಲಿನ ಪಟವನ್ನು ನೋಡುತ್ತಾ ಕೂತಳು. ಅವನು ತಕರಾರಿದೆ ಎಂದರೆ ಕೋರ್ಟು. ಕೋರ್ಟು ಮುಗಿಯುವವರೆಗೆ ತಾನಿರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬೇಡಿಕೊಳ್ಳಲು ಶಕ್ತಿ ಉಳಿದಿರಲಿಲ್ಲ.

ಒಳಕೋಣೆಯಲ್ಲಿ ಟ್ರಂಕಿನ ಮುಚ್ಚಳ ಬಿದ್ದ ಸದ್ದಾಯಿತು. ಸುಗತ ಯಾವಾಗ ಎದ್ದು ಹೋಗಿದ್ದನೋ ಯಾರೂ ನೋಡಿರಲಿಲ್ಲ. ಹೊರಗೆ ಬಂದವನು ನೀಲಿ ಅಂಗಿ ಹಾಕಿಕೊಂಡಿದ್ದ. ಹದಿನೈದು ವರ್ಷದ ಹಿಂದೆ ತೊಟ್ಟಿದ್ದ ಅಂಗಿ, ಹೊಟ್ಟೆಯ ಮೇಲೆ ಮೂರು ಗುಂಡಿ ಕೂಡುತ್ತಿರಲಿಲ್ಲ, ಮಡಿಕೆ ಬಿದ್ದಲ್ಲಿ ಬಣ್ಣ ಹೋಗಿತ್ತು. ಜೇಬಿನಲ್ಲಿ ಪೆನ್ನು. ತಲೆಗೆ ನೀರು ಹಚ್ಚಿ ಬಾಚಿದ್ದ, ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ಬಂದು ಅಕ್ಕನ ಬೆನ್ನ ಹಿಂದೆ, ಆವತ್ತು ನಿಂತಿದ್ದ ಜಾಗದಲ್ಲೇ ನಿಂತ.

"ಈಗ ನಾನಾ, ಅಕ್ಕ?"

ಅವನಿಗೇನು ಗೊತ್ತಾಗುತ್ತದೆ ಎಂದು ಎಲ್ಲರೂ ಹೇಳಿದ್ದರು, ಮಂಜುಳಮ್ಮನೂ ಹೇಳಿಕೊಂಡಿದ್ದಳು. ಆವತ್ತು ಅವಳು 'ಆಮೇಲೆ' ಅಂದಿದ್ದಳು, ಅವನು ಆ 'ಆಮೇಲೆ'ಗಾಗಿ ಅಂಗಿ ಮಡಿಸಿಟ್ಟು ಕಾಯುತ್ತಿದ್ದ. ಇಷ್ಟು ವರ್ಷ ಒಂದು ದಿನವೂ ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಇದಕ್ಕಿಂತ ಜೈಲೇ ವಾಸಿಯಿತ್ತು ಎನ್ನಿಸುವಷ್ಟು ನಾಚಿಕೆ.

"ಹೂಂ ಕಣೋ" ಎಂದದ್ದು ಮುರಳಿ. ಅಧಿಕಾರಿಯ ಕಡೆ ತಿರುಗಿ, "ನಂದೇನೂ ಇಲ್ಲ ಮೇಡಂ. ಮೂರು ಜನ ಮಕ್ಕಳು ಅಂತ ಬರ್ಕೊಳ್ಳಿ" ಎಂದ.

ಮಂಜುಳಮ್ಮ ಸಹಿ ಹಾಕಿದಳು, ಮುರಳಿ ಹಾಕಿದ. ಅಧಿಕಾರಿ ಅಭ್ಯಾಸಬಲದಿಂದ ಶಾಯಿ ಪ್ಯಾಡು ತೆರೆದು ಸುಗತನ ಮುಂದಿಟ್ಟಳು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಹೆಬ್ಬೆಟ್ಟು ಬೇಡ. ಅಪ್ಪ ಬೈತಾರೆ."

ಪ್ಯಾಡು ಮುಚ್ಚಿತು. ಅವನ ಪೆನ್ನಿನಲ್ಲಿ ಶಾಯಿ ಒಣಗಿ ಎಷ್ಟೋ ಕಾಲವಾಗಿತ್ತು, ಎರಡು ಸಲ ಗೀಚಿ ನೋಡಿ ಗಾಬರಿಯಾಗಿ ಅಕ್ಕನ ಮುಖ ನೋಡಿದ. ಅಧಿಕಾರಿ ತನ್ನ ಪೆನ್ನು ಕೊಟ್ಟಳು. ಫ್ಯಾನಿನ ಗಾಳಿಗೆ ಹಾಳೆ ಹಾರುತ್ತಿತ್ತು, ಮುರಳಿ ಬಂದು ಮಂಡಿಯೂರಿ ಅದರ ತುದಿ ಒತ್ತಿ ಹಿಡಿದ. ಸುಗತ ನಾಲಿಗೆ ಕಚ್ಚಿಕೊಂಡು ಬಗ್ಗಿದ. ಮೊದಲ ಅಕ್ಷರಕ್ಕೆ ಬಹಳ ಹೊತ್ತು ಹಿಡಿಯಿತು. ಎರಡನೆಯದು ದೊಡ್ಡದಾಯಿತು. ಮೂರನೆಯದು ಗೆರೆ ದಾಟಿ ಕೆಳಗಿಳಿಯಿತು, ಆದರೆ ಬಂತು.

ತಲೆಯೆತ್ತಿ ಎಲ್ಲರನ್ನೂ ನೋಡಿದ. "ಮುಗೀತಾ?" ಎಂದು ಕೇಳಿದ, ಮುಗಿಯಬಾರದು ಎನ್ನುವ ಹಾಗೆ.

ಮುಗಿದಿರಲಿಲ್ಲ. ಇನ್ನು ಹೊಸ ಹಾಳೆ ಬರಬೇಕು, ಸಮಿತಿಗೆ ಅರ್ಜಿ ಹಾಕಬೇಕು, ಮತ್ತೆ ಬೆಂಚು, ಮತ್ತೆ ಮೆಟ್ಟಿಲು. ಮಂಜುಳಮ್ಮನಿಗೆ ಅದೆಲ್ಲ ಗೊತ್ತಿತ್ತು. ಅವಳು ಕೈಯೆತ್ತಿ ತಮ್ಮನ ಕಿವಿಯ ಹಿಂದಿನ ನೀರನ್ನು ಸೆರಗಿನಿಂದ ಒರೆಸಿದಳು.

"ಇನ್ನೂ ಎರಡು ಕಾಪಿ ಇದೆ" ಎಂದು ಅಧಿಕಾರಿ ಹಾಳೆ ತಿರುವಿದಳು. ಸುಗತ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಬಗ್ಗಿದ.